ಗರಗಸದ ಸರಳಿಗೆ ಕೀಲೆಣ್ಣೆ

1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಸ್ಥಾಪಿಸಿದಂದಿನಿಂದ ನೇಯ್ಗೆಯ ನಗರವಾಗಿ ಬೆಳೆದ ಇಚಲಕರಂಜಿಯೂ, ಎರಕದ ಕಾರ್ಖಾನೆಗಳಿಂದ ಹೆಸರಾದ ಕೊಲ್ಹಾಪುರವೂ ಕೀಲೆಣ್ಣೆಯ ಮಹಿಮೆಯನ್ನು ಚೆನ್ನಾಗಿ ಬಲ್ಲವು. ಲೋಹವು ಲೋಹವನ್ನು ಉಜ್ಜುವೆಡೆಯಲ್ಲಿ ತೆಳುವಾದೊಂದು ಪದರವು ನಡುವೆ ನಿಂತು ಘರ್ಷಣೆಯನ್ನೂ ಸವೆತವನ್ನೂ ತಗ್ಗಿಸುವುದೆಂಬುದು ಅಲ್ಲಿನ ಕುಶಲಕರ್ಮಿಗಳಿಗೆ ಅನುಭವಸಿದ್ಧವಾದ ತತ್ತ್ವ. ಆದರೆ ಇದೇ ತತ್ತ್ವವನ್ನು ಆ ಸೀಮೆಯದೇ ಊರಾದ ಗಡಹಿಂಗ್ಲಜದ ಬಡಗಿಯು, ಜೋಡಿ ಸರಳುಗಳ ಮೇಲೆ ಹಿಂದುಮುಂದಕ್ಕೆ ಸರಿಯುತ್ತ ಅಗಲವಾದ ಹಲಗೆಯನ್ನು ಕೊಯ್ಯುವ ವಿದ್ಯುತ್ ಗರಗಸಕ್ಕೆ ಅನ್ವಯಿಸುವಾಗ ವಿಶೇಷ ವಿವೇಚನೆ ಬೇಕಾಗುತ್ತದೆ.

ಏಕೆಂದರೆ ಮರದ ಹುಡಿಯು ಜಿಡ್ಡಿಗೆ ಅಂಟುತ್ತದೆ. ಸರಳಿಗೆ ಧಾರಾಳವಾಗಿ ಸವರಿದ ಗ್ರೀಸು ಮೊದಲ ದಿನ ಸುಖವನ್ನಿತ್ತರೂ, ಕ್ರಮೇಣ ಹುಡಿಯೊಡನೆ ಬೆರೆತು ಗಟ್ಟಿ ಲೇಪವಾಗಿ, ಚಲನೆಯನ್ನು ತಡೆದು, ಕೊಯ್ತದ ನೇರವನ್ನೇ ಕೆಡಿಸುತ್ತದೆ. ಆದುದರಿಂದ ಮೊದಲು ವಿದ್ಯುತ್ ಸಂಪರ್ಕವನ್ನು ಕಳಚಿ, ಹುಡಿಯನ್ನು ಬ್ರಷ್ಷಿನಿಂದ ಝಾಡಿಸಿ, ಹಳೆಯ ಜಿಡ್ಡನ್ನು ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ, ಸರಳು ಪೂರ್ಣವಾಗಿ ಒಣಗಿದ ಬಳಿಕ ಮೇಣವನ್ನು ತೆಳುವಾಗಿ ಹಚ್ಚಿ ಉಜ್ಜುವುದು, ಅಥವಾ ಒಣ ಪದರವನ್ನುಳಿಸುವ ಟೆಫ್ಲಾನ್ ಸ್ಪ್ರೇಯನ್ನು ಬಳಸುವುದು ಉತ್ತಮ. ಬೇರಿಂಗುಗಳ ಮೇಲೆ ಸರಿಯುವ ಗರಗಸವಾದರೆ, ತಯಾರಕರ ಕೈಪಿಡಿ ಸೂಚಿಸಿದ ತೆಳುವಾದ ಎಣ್ಣೆಯ ಒಂದೆರಡು ಹನಿ ಸಾಕು. ಅಲಗಿಗಾಗಲಿ ಬೆಲ್ಟಿಗಾಗಲಿ ಅದು ಸೋಂಕಕೂಡದು.

ಸಹ್ಯಾದ್ರಿಯ ಮಗ್ಗುಲಿನ ಈ ಸೀಮೆಯಲ್ಲಿ ಮಳೆಗಾಲದ ತೇವವು ಉಕ್ಕಿಗೆ ಬೇಗನೆ ತುಕ್ಕು ಹಿಡಿಸುವುದರಿಂದ, ಆ ತಿಂಗಳುಗಳಲ್ಲಿ ಈ ಶುಶ್ರೂಷೆಯು ಪದೇ ಪದೇ ನಡೆಯತಕ್ಕದ್ದು. ಗರಗಸವು ತಡೆಯಿಲ್ಲದೆ ಸರಿದಾಗ ಕೈಗೆ ಬಲಪ್ರಯೋಗದ ಅಗತ್ಯವಿಲ್ಲ. ಬಲಪ್ರಯೋಗವಿಲ್ಲದೆಡೆ ಅಪಾಯವೂ ಕಡಿಮೆ, ಕೆಲಸವೂ ಶುದ್ಧ.