ಕ್ಯೋಟೋಗೆ ಹೊರಡುವ ಮುನ್ನ

794ರಿಂದ ಸಾವಿರಕ್ಕೂ ಹೆಚ್ಚು ವರ್ಷ ಜಪಾನಿನ ರಾಜಧಾನಿಯಾಗಿದ್ದ ಊರು ಕ್ಯೋಟೋ. ಊರೊಳಗಿನ ಮತ್ತು ಸುತ್ತಲಿನ 17 ತಾಣಗಳು 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಇಂಜಿನಿಯರ್ ಬುದ್ಧಿ ನೋಡಿ, ಎಲ್ಲವನ್ನೂ ಮೂರು ದಿನಕ್ಕೆ ಎಕ್ಸೆಲ್‌ನಲ್ಲಿ ತುಂಬಿದೆವು. ಅಮ್ಮನ ಮಂಡಿನೋವಿಗೆ ಮಾತ್ರ ಕಾಲಂ ಇರಲಿಲ್ಲ!

ಕಲಿತದ್ದಿಷ್ಟು. ದಿಕ್ಕು ನೋಡಿ ಯೋಜಿಸಿ. ಪೂರ್ವಕ್ಕೊಂದು ದಿನ: ಗಿಂಕಾಕುಜಿ ಗುಡಿಯಿಂದ ದಕ್ಷಿಣಕ್ಕೆ, ಕಾಲುವೆ ದಂಡೆಯ ಸುಮಾರು 2 ಕಿಲೋಮೀಟರ್ ನಡಿಗೆ. ವಾಯವ್ಯಕ್ಕೊಂದು ದಿನ: ಚಿನ್ನದ ಹೊದಿಕೆಯ ಕಿಂಕಾಕುಜಿ, ಕಲ್ಲುತೋಟದ ರ್ಯೋಆಂಜಿ. ಪಾಚಿತೋಟದ ಸೈಹೋಜಿಗೆ ಮುಂಗಡ ಕಾಯ್ದಿರಿಸಲೇಬೇಕು. ಒಂದು ದಿನ ಖಾಲಿ ಬಿಡಿ.

ರ್ಯೋಆಂಜಿಯ ಜಗಲಿಯಲ್ಲಿ ಎಲ್ಲಿ ಕೂತರೂ 15 ಕಲ್ಲುಗಳಲ್ಲಿ ಒಂದಾದರೂ ಮರೆಯಾಗಿರುತ್ತದೆ. ಅಮ್ಮ ಅಲ್ಲೇ ಒಂದು ಗಂಟೆ ಕೂತರು. ನಮ್ಮ ಪಟ್ಟಿಯಲ್ಲಿ ಅರ್ಧ ಹಾಗೇ ಉಳಿಯಿತು. ಅಮ್ಮ ಇಂದಿಗೂ ಹೇಳುವುದು ಆ ಜಗಲಿಯ ಸುದ್ದಿಯನ್ನೇ.