ಟ್ರಾಸ್ಕ್‌ನ ಸೆಂಟಿನೆಲ್‌ಗಳು ಮತ್ತು ನಮ್ಮ 36ಎ

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಪುಟ್ಟೇನಹಳ್ಳಿ ಸಿಗ್ನಲ್ ಹತ್ರ ಚಪ್ಪಾಳೆ ತಟ್ಟಿ ದುಡ್ಡು ಕೇಳೋರು ಜಾಸ್ತಿ ಆಗಿದ್ದಾರೆ, ಇವರೆಲ್ಲ ಎಲ್ಲಿ ಇರ್ತಾರೆ ಅಂತ ಪೊಲೀಸರು ಒಂದು ಲಿಸ್ಟ್ ಮಾಡ್ಕೊಂಡ್ರೆ ಒಳ್ಳೇದಲ್ವಾ ಅಂತ. ಬರೆದವರು ಕೆಟ್ಟವರೇನಲ್ಲ. ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್ ಹೋದಾಗ ಸಿಗ್ತಾರೆ, ನಿಂತು ಮಾತಾಡಿಸ್ತಾರೆ. ಹತ್ತು ನಿಮಿಷದಲ್ಲಿ ಆ ಮೆಸೇಜಿನ ಕೆಳಗೆ ಹೆಬ್ಬೆರಳುಗಳ ಸಾಲೇ ನಿಂತಿತ್ತು.

ನನಗೆ ನೆನಪಾದವನು ಬೊಲಿವರ್ ಟ್ರಾಸ್ಕ್.

ಎಕ್ಸ್-ಮೆನ್ ಸಿನಿಮಾಗಳನ್ನು ಮಾತ್ರ ನೋಡಿದವರಿಗೆ ಈತ 2014ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಚಿತ್ರದಲ್ಲಿ ಪೀಟರ್ ಡಿಂಕ್ಲೇಜ್ ಮಾಡಿದ ಪಾತ್ರ. ಕಾಮಿಕ್ಸ್‌ನಲ್ಲಿ ಅವನು ಹುಟ್ಟಿದ್ದು 1965ರ ನವೆಂಬರ್ ಸಂಚಿಕೆಯಲ್ಲಿ, ಸ್ಟಾನ್ ಲೀ ಮತ್ತು ಜಾಕ್ ಕರ್ಬಿ ಕಾಲದಲ್ಲಿ. ಹಾರೋದು, ಕಣ್ಣಿಂದ ಬೆಂಕಿ ಕಾರೋದು, ಯಾವುದೂ ಅವನಿಗೆ ಬರಲ್ಲ. ವೃತ್ತಿಯಲ್ಲಿ ಮಾನವಶಾಸ್ತ್ರಜ್ಞ. ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ಮ್ಯುಟೆಂಟ್‌ಗಳು ಒಂದು ದಿನ ಮನುಷ್ಯರನ್ನು ಗುಲಾಮರನ್ನಾಗಿ ಮಾಡ್ಕೊಳ್ತಾರೆ ಅಂತ ಪತ್ರಿಕೆಗಳಿಗೆ ಹೇಳ್ತಾನೆ. ಟಿವಿಗೆ ಬಂದು ಪ್ರೊಫೆಸರ್ ಎಕ್ಸ್ ಜೊತೆ ಚರ್ಚೆಗೆ ಕೂರ್ತಾನೆ. ಅಲ್ಲೇ, ಕ್ಯಾಮೆರಾ ಮುಂದೆ, ತಾನು ಕಟ್ಟಿದ ಸೆಂಟಿನೆಲ್ ಅನ್ನೋ ದೈತ್ಯ ರೋಬೋಗಳನ್ನು ಹೊರಗೆ ಬಿಡ್ತಾನೆ. ಅವುಗಳ ಕೆಲಸ ಎರಡೇ: ಯಾರು ಮ್ಯುಟೆಂಟ್ ಅಂತ ಗುರುತಿಸೋದು, ಹಿಡಿಯೋದು.

ಎಕ್ಸ್-ಮೆನ್ ಕಥೆಗಳಲ್ಲಿ ಮ್ಯುಟೆಂಟ್ ದ್ವೇಷಿಗಳಿಗೆ ಬರವಿಲ್ಲ. 1982ರ ಗ್ರಾಫಿಕ್ ಕಾದಂಬರಿಯೊಂದರ ವಿಲಿಯಂ ಸ್ಟ್ರೈಕರ್ ದೇವರ ಹೆಸರಲ್ಲಿ ದ್ವೇಷಿಸುವ ಧರ್ಮಬೋಧಕ. ಗ್ರೇಡನ್ ಕ್ರೀಡ್ ಅದೇ ದ್ವೇಷವನ್ನು ಬಂಡವಾಳ ಮಾಡಿಕೊಂಡು ಅಧ್ಯಕ್ಷ ಚುನಾವಣೆಗೆ ನಿಲ್ಲುವ ರಾಜಕಾರಣಿ. ಇವರಿಬ್ಬರಿಗಿಂತ ನನಗೆ ಟ್ರಾಸ್ಕ್ ಹೆಚ್ಚು ಪರಿಚಿತ ಅನ್ನಿಸ್ತಾನೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಬಂದವನು ನಾನು. ಒಂದು ಸಮಸ್ಯೆ ಕೊಟ್ಟರೆ ಮೊದಲು ಡಿಟೆಕ್ಟರ್ ಕಟ್ಟಬೇಕು ಅನ್ನೋದು ನಮ್ಮ ತಲೆಯಲ್ಲೂ ಕೂತಿರುತ್ತೆ. ಟ್ರಾಸ್ಕ್ ಕೂಗಾಡಲ್ಲ, ಹಲ್ಲು ಕಡಿಯಲ್ಲ. ಅವನ ದ್ವೇಷ ಒಂದು ಸ್ಪೆಸಿಫಿಕೇಶನ್ ಆಗಿ, ಆಮೇಲೆ ಒಂದು ಯಂತ್ರವಾಗಿ ಹೊರಬರುತ್ತೆ. ಯಂತ್ರವಾದ ಮೇಲೆ ಅದಕ್ಕೆ ಅವನ ಸಿಟ್ಟೂ ಬೇಕಾಗಿಲ್ಲ, ಅವನೂ ಬೇಕಾಗಿಲ್ಲ. ಮೊದಲ ದಿನವೇ, ಅದೇ ಟಿವಿ ಸ್ಟುಡಿಯೋದಲ್ಲಿ, ಸೆಂಟಿನೆಲ್‌ಗಳು ಅವನ ಮಾತು ಕೇಳೋದನ್ನು ನಿಲ್ಲಿಸ್ತವೆ. ಮನುಷ್ಯರನ್ನು ಕಾಪಾಡಬೇಕು ಅಂದ್ರೆ ಮನುಷ್ಯರನ್ನು ಆಳಬೇಕು ಅಂತ ಅವುಗಳ ಲೆಕ್ಕ. ಎರಡು ಸಂಚಿಕೆ ಕಳೆದು ಟ್ರಾಸ್ಕ್ ತಾನೇ ಕಟ್ಟಿದ ಕೋಟೆಯನ್ನು ಸ್ಫೋಟಿಸಿ ಅದರಲ್ಲೇ ಸಾಯ್ತಾನೆ.

ಸರಿ, ಕಾಮಿಕ್ಸ್. ಇದಕ್ಕೂ ಪುಟ್ಟೇನಹಳ್ಳಿಗೂ ಏನು ಸಂಬಂಧ?

ನಮ್ಮ ಗ್ರೂಪಿನವರು ಕೇಳಿದ ಲಿಸ್ಟ್ ಇದೆಯಲ್ಲ, ಅದು ಹೊಸ ಐಡಿಯಾ ಅಲ್ಲ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂದ ತಕ್ಷಣ ನಾವು ಅಲೆಮಾರಿ ಸಮುದಾಯಗಳನ್ನು ನೆನೆಯುತ್ತೇವೆ. ಅದರ ಎರಡನೇ ಭಾಗ ‘ಯೂನಕ್’ ಎಂದು ಸರ್ಕಾರ ಕರೆದವರ ಬಗ್ಗೆ ಇತ್ತು. ಅನುಮಾನ ಇದ್ದವರ ಹೆಸರು, ವಿಳಾಸ ದಾಖಲಿಸಿದ ರಿಜಿಸ್ಟರ್ ಇಡಬೇಕು. ಅದರಲ್ಲಿ ಹೆಸರಿದ್ದವರು ಹೆಂಗಸರ ಉಡುಪಿನಲ್ಲಿ ರಸ್ತೆಗೆ ಬಂದರೆ, ಕುಣಿದರೆ ಎರಡು ವರ್ಷದವರೆಗೆ ಜೈಲು. ಅವರು ದತ್ತು ತಗೊಳ್ಳುವ ಹಾಗಿಲ್ಲ, ಉಯಿಲು ಬರೆಯುವ ಹಾಗಿಲ್ಲ. ಹೈದರಾಬಾದ್ ನಿಜಾಮರ ಸರ್ಕಾರ 1919ರಲ್ಲಿ ಇದೇ ಅಚ್ಚಿನಲ್ಲಿ ತನ್ನದೊಂದು ಕಾನೂನು ತಂತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ. ನೂರು ವರ್ಷ ದಾಟಿತ್ತು.

ಇದೆಲ್ಲ ಹಳೇ ಕಾಲದ ಕಥೆ ಅಂತ ಪಕ್ಕಕ್ಕಿಡೋ ಮೊದಲು ಕರ್ನಾಟಕದ ಲೆಕ್ಕ ನೋಡಿ. 2011ರಲ್ಲಿ, ಅಂದ್ರೆ ನಾವೆಲ್ಲ ಫೇಸ್‌ಬುಕ್‌ನಲ್ಲಿ ಇದ್ದ ಕಾಲದಲ್ಲಿ, ನಮ್ಮ ವಿಧಾನಮಂಡಲ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸ ಸೆಕ್ಷನ್ ಸೇರಿಸಿತು. ಯೂನಕ್‌ಗಳ ‘ಅನಪೇಕ್ಷಿತ ಚಟುವಟಿಕೆ’ ತಡೆಯೋದಕ್ಕೆ ಪೊಲೀಸ್ ಕಮಿಷನರ್ ಏನು ಮಾಡಬಹುದು ಅನ್ನೋದು ಅದರ ವಿಷಯ. ಹುಡುಗರನ್ನು ಅಪಹರಿಸ್ತಾರೆ, ಅವರ ಪುರುಷಾಂಗ ಕತ್ತರಿಸ್ತಾರೆ, ಅಥವಾ ಇನ್ಯಾವುದೋ ಅಪರಾಧ ಮಾಡ್ತಾರೆ ಅಂತ ‘ಸಕಾರಣ ಅನುಮಾನ’ ಇರುವವರ ಹೆಸರು, ವಾಸಸ್ಥಳದ ರಿಜಿಸ್ಟರ್ ಇಡಬಹುದು. ರಿಜಿಸ್ಟರಿನಲ್ಲಿರುವವರು ಇಂಥಿಂಥದ್ದು ಮಾಡಕೂಡದು ಅಂತ ಆದೇಶ ಹೊರಡಿಸಬಹುದು. 1871ರ ಭಾಷೆ ಪಕ್ಕದಲ್ಲಿಟ್ಟು ಓದಿದರೆ ಸಾಲುಗಳು ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಅನುಮಾನ ಯಾರಿಗೆ ಬರಬೇಕು? ಡಿಟೆಕ್ಟರ್ ಯಾರ ಕೈಯಲ್ಲಿದೆಯೋ ಅವರಿಗೆ.

ಸೆಕ್ಷನ್ ಬರೋದಕ್ಕೆ ಮೊದಲು ಇಲ್ಲಿ ಏನು ನಡೆದಿತ್ತು ಅನ್ನೋದನ್ನೂ ಹೇಳಬೇಕು. 2008ರ ಅಕ್ಟೋಬರ್ 20ರಂದು ಗಿರಿನಗರದ ಟ್ರಾಫಿಕ್ ಸಿಗ್ನಲ್ ಬಳಿ ಐವರು ಹಿಜ್ರಾಗಳನ್ನು ಪೊಲೀಸರು ಹಿಡಿದರು. ಏನಾಯ್ತು ಅಂತ ವಿಚಾರಿಸಲು ಠಾಣೆಗೆ ಹೋದ ‘ಸಂಗಮ’ ಸಂಸ್ಥೆಯ ಕಾರ್ಯಕರ್ತರನ್ನೂ ಒಳಗೆ ಹಾಕಲಾಯಿತು. ಸಂಜೆ ಬನಶಂಕರಿ ಠಾಣೆಯ ಮುಂದೆ ಸೇರಿದ ಪ್ರತಿಭಟನಕಾರರ ಮೇಲೆ ಲಾಠಿ ಬೀಸಿ, ಸುಮಾರು ಮೂವತ್ತು ಜನರನ್ನು ಬಂಧಿಸಿದರು. ಅದಾದ ಕೆಲವೇ ದಿನಗಳಲ್ಲಿ ನಗರದ ಇನ್ನೊಂದು ಕಡೆ, ಹಿಜ್ರಾಗಳಿಗೆ ಬಾಡಿಗೆ ಕೊಟ್ಟಿದ್ದ ಮನೆ ಮಾಲೀಕರಿಗೆ ಅವರನ್ನು ಖಾಲಿ ಮಾಡಿಸಿ ಅಂತ ಪೊಲೀಸರ ಒತ್ತಡ ಬಂತು. ಬನಶಂಕರಿ ಅಂದ್ರೆ ನಾನು ಇದನ್ನು ಬರೀತಿರೋ ಟೇಬಲ್ಲಿನಿಂದ ಐದಾರು ಕಿಲೋಮೀಟರ್ ಅಷ್ಟೇ. ಯಾರು ಎಲ್ಲಿ ವಾಸ ಮಾಡ್ತಾರೆ ಅನ್ನೋ ಮಾಹಿತಿ ಯಾಕೆ ಬೇಕು, ಸಿಕ್ಕ ಮೇಲೆ ಅದರಿಂದ ಏನಾಗುತ್ತೆ ಅಂತ ಕೇಳುವವರಿಗೆ ಈ ಉದಾಹರಣೆ ಸಾಕು.

ಮುಂದಿನ ಭಾಗವೇ ನನಗೆ ಟ್ರಾಸ್ಕ್‌ನನ್ನು ನೆನಪಿಸೋದು. 2014ರಲ್ಲಿ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂತು, ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು ಸಿಕ್ಕಿತು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ 36ಎ ಪ್ರಶ್ನಿಸಿ ಹೈಕೋರ್ಟಿಗೆ ಹೋಯಿತು. ಪ್ರಕರಣ ನಡೀತಿರುವಾಗಲೇ ಸರ್ಕಾರ ಸೆಕ್ಷನ್ ತಿದ್ದಿತು. ಹೇಗೆ? ರಿಜಿಸ್ಟರ್ ಕೈಬಿಟ್ಟಿತಾ? ಇಲ್ಲ. ‘ಯೂನಕ್’ ಅನ್ನೋ ಪದ ತೆಗೆದು ‘ವ್ಯಕ್ತಿ’ ಅಂತ ಹಾಕಿತು.

ಅವಮಾನದ ಪದ ಹೋಯಿತು ಅನ್ನೋದು ನಿಜ, ಅದಕ್ಕಾಗಿ ಹೋರಾಡಿದವರ ಗೆಲುವು ಸಣ್ಣದಲ್ಲ. ಆದರೆ ಇಂಜಿನಿಯರ್ ಕಣ್ಣಲ್ಲಿ ನೋಡಿ: ಯಂತ್ರ ಹಾಗೇ ಇದೆ, ಅದರ ಟಾರ್ಗೆಟ್ ಮಾತ್ರ ಅಗಲವಾಗಿದೆ. ವ್ಯಕ್ತಿ ಅಂದ್ರೆ ನಾನೂ ಹೌದು, ನೀವೂ ಹೌದು. ಮ್ಯುಟೆಂಟ್‌ಗಳಿಗೆ ಅಂತ ಕಟ್ಟಿದ ಸೆಂಟಿನೆಲ್ ಮನುಷ್ಯರ ಕಡೆ ತಿರುಗೋದು ಹೀಗೇ. 1981ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಕಾಮಿಕ್ಸ್‌ನಲ್ಲಿ ಸೆಂಟಿನೆಲ್‌ಗಳ ರಾಜ್ಯದಲ್ಲಿ ಎಲ್ಲರ ಬಟ್ಟೆ ಮೇಲೂ ಒಂದು ಅಕ್ಷರ ಇರುತ್ತೆ. ಮ್ಯುಟೆಂಟ್‌ಗೆ ಎಂ, ಮನುಷ್ಯರಿಗೆ ಎಚ್, ಇಬ್ಬರ ನಡುವೆ ‘ಎ’ ಅನ್ನೋ ಇನ್ನೊಂದು ಗುಂಪು. ಅವರಿಗೆ ಶಕ್ತಿ ಇಲ್ಲ, ಆದರೆ ಮುಂದೆ ಅವರಿಗೆ ಮ್ಯುಟೆಂಟ್ ಮಗು ಹುಟ್ಟಬಹುದು ಅನ್ನೋ ಅನುಮಾನ. ಹಾಗಾಗಿ ಮಕ್ಕಳನ್ನು ಹೆರುವಂತಿಲ್ಲ.

ಈ ಹೋಲಿಕೆ ಒಂದು ಕಡೆ ಪೂರ್ತಿ ಮುರಿದು ಬೀಳುತ್ತೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಕಾಮಿಕ್ಸ್‌ನ ಮ್ಯುಟೆಂಟ್ ಕಟ್ಟಡ ಉರುಳಿಸಬಲ್ಲ. ಮ್ಯಾಗ್ನೆಟೊ ಥರದವನು ಇರುವ ಲೋಕದಲ್ಲಿ ಟ್ರಾಸ್ಕ್‌ನ ಭಯಕ್ಕೆ ಅರ್ಧ ಕಾರಣವಾದರೂ ಇದೆ. ಸಿಗ್ನಲ್‌ನಲ್ಲಿ ನಿಂತವರಿಗೆ ಯಾವ ಶಕ್ತಿ ಇದೆ? ಮನೆಯಿಂದ ಹೊರಗೆ ಹಾಕಿಸಿಕೊಂಡು, ಕೆಲಸ ಕೊಡುವವರಿಲ್ಲದೆ ಅಲ್ಲಿಗೆ ಬಂದವರೇ ಅವರಲ್ಲಿ ಹೆಚ್ಚು. ಇಲ್ಲಿ ಭಯ ಪೂರ್ತಿ ನಾವೇ ಕಟ್ಟಿದ್ದು. 2018ರ ಮೇ ತಿಂಗಳಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನೋ ವಾಟ್ಸಾಪ್ ಸುದ್ದಿ ಹಬ್ಬಿದಾಗ ಹೈದರಾಬಾದ್‌ನಲ್ಲಿ ಗುಂಪೊಂದು ಲಿಂಗತ್ವ ಅಲ್ಪಸಂಖ್ಯಾತರೊಬ್ಬರನ್ನು ಹೊಡೆದು ಕೊಂದಿತು. ಅದೇ ವಾರ, ಅದೇ ವದಂತಿಗೆ, ನಮ್ಮ ಚಾಮರಾಜಪೇಟೆಯಲ್ಲಿ ಕೆಲಸಕ್ಕೆ ಅಂತ ರಾಜಸ್ಥಾನದಿಂದ ಬಂದ ಯುವಕ ಬಲಿಯಾದ. ಹುಡುಗರನ್ನು ಅಪಹರಿಸ್ತಾರೆ ಅನ್ನೋ ಇದೇ ಕಥೆಯನ್ನು 36ಎ ಏಳು ವರ್ಷ ಮೊದಲೇ ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿತ್ತು.

ಸರ್ಕಾರ ಅಂದ್ರೆ ಬರೀ ಇದೇ ಅಲ್ಲ ಬಿಡಿ. 2021ರಲ್ಲಿ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಅದೇ ವರ್ಷ ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಬಂತು, ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಮೀಸಲಾತಿ ಕೊಟ್ಟ ಕೈಯೇ ಹಿಂದೆ ರಿಜಿಸ್ಟರ್ ತೆರೆಯಲು ಅಧಿಕಾರವನ್ನೂ ಕೊಟ್ಟಿತ್ತು.

ಟ್ರಾಸ್ಕ್ ಕಥೆಗೆ ಒಂದು ಬಾಲ ಇದೆ. 1969ರ ಸಂಚಿಕೆಗಳಲ್ಲಿ ಅವನ ಮಗ ಲ್ಯಾರಿ ಬರ್ತಾನೆ. ಅಪ್ಪನ ಸಾವಿಗೆ ಮ್ಯುಟೆಂಟ್‌ಗಳೇ ಕಾರಣ ಅಂತ ನಂಬಿ ಹೊಸ ಸೆಂಟಿನೆಲ್‌ಗಳನ್ನು ಕಟ್ಟಿ ಬೇಟೆ ಶುರು ಮಾಡ್ತಾನೆ. ಅವನ ಕುತ್ತಿಗೆಯಲ್ಲಿ ಅಪ್ಪ ಹಾಕಿದ್ದ ಒಂದು ಪದಕ. ಜಗಳದಲ್ಲಿ ಯಾರೋ ಅದನ್ನು ಕಿತ್ತಾಗ ಅವನದೇ ಸೆಂಟಿನೆಲ್‌ಗಳು ಅವನ ಕಡೆ ತಿರುಗಿ, ಮ್ಯುಟೆಂಟ್ ಅಂತ ಗುರುತಿಸ್ತವೆ. ಮಗ ಮ್ಯುಟೆಂಟ್ ಅಂತ ಅಪ್ಪನಿಗೆ ಗೊತ್ತಿತ್ತು. ಯಂತ್ರದ ಕಣ್ಣಿಗೆ ಬೀಳದಿರಲಿ ಅಂತಲೇ ಆ ಪದಕ ಮಾಡಿಕೊಟ್ಟಿದ್ದ. ಊರಿಗೆಲ್ಲ ಡಿಟೆಕ್ಟರ್, ಮನೆ ಮಗನಿಗೆ ಮಾತ್ರ ವಿನಾಯಿತಿ.

ಆವತ್ತು ರಾತ್ರಿ ಗ್ರೂಪಿನಲ್ಲಿ ನಾನೂ ಒಂದು ಸಾಲು ಟೈಪ್ ಮಾಡಿದೆ: ‘ಲಿಸ್ಟ್‌ನಲ್ಲಿ ಯಾರ ಹೆಸರು ಬರಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ ಸರ್?’ ಎರಡು ನೀಲಿ ಟಿಕ್, ಉತ್ತರ ಇಲ್ಲ. ಬೆಳಿಗ್ಗೆ ಸೆಕ್ರೆಟರಿ ಅಂಕಲ್ ಗ್ರೂಪಿನಲ್ಲೇ ಎಲ್ಲರಿಗೂ ಕಾಣೋ ಹಾಗೆ ಬರೆದಿದ್ದರು: ಬಾಡಿಗೆಗೆ ಇರೋರು ಆಧಾರ್ ಪ್ರತಿ, ಸ್ವಂತ ಊರಿನ ವಿಳಾಸ, ಮನೆಗೆ ಬಂದು ಹೋಗುವವರ ವಿವರ ಇರುವ ಫಾರ್ಮ್ ಭಾನುವಾರದೊಳಗೆ ತುಂಬಿ ಕೊಡಬೇಕು. ನಮ್ಮ ಫ್ಲಾಟಿನದು ಇನ್ನೂ ಬಂದಿಲ್ಲವಂತೆ.