ಮಾತು ತಡವಾದ ಮಗು: ಸ್ವಲೀನತೆಯುಳ್ಳ ಮಕ್ಕಳ ಪಾಲನೆ ಹಾಗೂ ಶಿಕ್ಷಣ



ನಿಮ್ಮ ಮಗುವಿಗೆ ಎರಡು ವರ್ಷ ತುಂಬಿದೆಯೆಂದು ಭಾವಿಸಿರಿ. ಮಗು ಮೈಕೈ ತುಂಬಿಕೊಂಡಿದೆ, ಕಾಲಕ್ಕೆ ಸರಿಯಾಗಿ ನಡೆದಿದೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಕಿವಿ ಕೇಳಿಸದೇನೋ ಎಂದರೆ, ಕರ್ಜಗಿ ನಿಲ್ದಾಣದ ಕಡೆಯಿಂದ ರೈಲು ಕೂಗಿದೊಡನೆ ಅಂಗಳಕ್ಕೆ ಓಡುತ್ತದೆ. ನೀರು ಬೇಕಾದಾಗ ಬೆರಳು ಮಾಡಿ ತೋರಿಸುವುದಿಲ್ಲ. ತಾಯಿಯ ಕೈ ಹಿಡಿದೆಳೆದು ಕೊಡದ ಮೇಲಿಡುತ್ತದೆ. ಆಟದ ಚಕ್ಕಡಿಯನ್ನು ಎಳೆದಾಡದೆ, ಬೋರಲು ಹಾಕಿ ಗಾಲಿಯನ್ನೇ ತಿರುಗಿಸುತ್ತ ಬಹಳ ಹೊತ್ತು ಕುಳಿತಿರುತ್ತದೆ. ಮನೆಯ ಹಿರಿಯರು, "ಗಂಡುಹುಡುಗರಿಗೆ ಮಾತು ತಡ, ಇವನ ಅಪ್ಪನೂ ಹೀಗೆಯೇ ಇದ್ದ" ಎಂದು ಸಮಾಧಾನ ಹೇಳುತ್ತಾರೆ. ಹೀಗೆ ಕಾಯುತ್ತ ಒಂದು ವರ್ಷ, ಎರಡು ವರ್ಷ ಕಳೆದುಹೋಗುವುದುಂಟು. ಆ ಎರಡು ವರ್ಷಗಳು ವ್ಯರ್ಥವಾಗದಿರಲೆಂಬುದೇ ಈ ಬರಹದ ಉದ್ದೇಶ.

ಇಂತಹ ಲಕ್ಷಣಗಳು ಹಲವು ಕೂಡಿ ಕಂಡುಬಂದರೆ ಅದು ಸ್ವಲೀನತೆಯಿರಬಹುದು. ಆಸ್ಪತ್ರೆಗಳಲ್ಲಿ ಇದನ್ನು ಆಟಿಸಂ ಎಂದು ಕರೆಯುತ್ತಾರೆ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ವೈದ್ಯಲೋಕ ಇದನ್ನು ಪ್ರತ್ಯೇಕವಾಗಿ ಗುರುತಿಸತೊಡಗಿತು. ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಮೆದುಳಿನ ಬೆಳವಣಿಗೆಯೇ ಬೇರೊಂದು ಬಗೆಯಲ್ಲಿ ಸಾಗಿರುತ್ತದೆ. ಅದರ ಮೂಲ ಬಹುಮಟ್ಟಿಗೆ ಹುಟ್ಟಿಗೆ ಮೊದಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಸ್ವಲೀನತೆಯಿತ್ತು. ಆದುದರಿಂದ ಇದು ನಿಮ್ಮ ಮನೆಗೆ ಮಾತ್ರ ಬಂದುದೆಂದು ತಿಳಿಯಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಾಯಿಯ ಅಕ್ಕರೆ ಸಾಲದೆ ಮಗು ಹೀಗಾಯಿತೆಂದು ಒಂದು ಕಾಲಕ್ಕೆ ವೈದ್ಯರಲ್ಲಿಯೇ ಕೆಲವರು ನಂಬಿದ್ದರು. ಅದು ತಪ್ಪೆಂದು ನಿರ್ಣಯವಾಗಿ ದಶಕಗಳೇ ಸಂದಿವೆ. ಆದರೂ ನಮ್ಮ ಹಳ್ಳಿಗಳಲ್ಲಿ ಸೊಸೆಯನ್ನು ದೂರುವುದು ನಿಂತಿಲ್ಲ. ಗ್ರಹಣ ಕಾಲದಲ್ಲಿ ಹೊರಗೆ ಬಂದಳು, ಹೊಲದ ಕೆಲಸ ಬಿಡಲಿಲ್ಲ ಎಂಬ ಆರೋಪಗಳಿಗೆ ಯಾವ ಆಧಾರವೂ ಇಲ್ಲ. ಚುಚ್ಚುಮದ್ದಿನ ಮೇಲಿನ ಸಂಶಯವೂ ಅಂತಹುದೇ. 1998ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಲೇಖನ ದಡಾರದ ಲಸಿಕೆಗೂ ಸ್ವಲೀನತೆಗೂ ಗಂಟುಹಾಕಿತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ದಡಾರದ ಎರಡನೆಯ ಚುಚ್ಚುಮದ್ದನ್ನು ಹಾಕುವುದು 16ರಿಂದ 24 ತಿಂಗಳೊಳಗೆ. ಮಾತು ಬಾರದಿರುವುದು ಮನೆಯವರ ಗಮನಕ್ಕೆ ಬರುವುದೂ ಅದೇ ವಯಸ್ಸಿನಲ್ಲಿ. ಎರಡೂ ಒಟ್ಟಿಗೆ ಬಂದುದರಿಂದ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಒಂದು ವರ್ಷವಾದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸಿ ಆಡದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ, ಕಾಯದೆ ಅಂಗನವಾಡಿ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೂ ತಿಳಿಸಿರಿ. 2013ರಿಂದ ನಡೆದುಬಂದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಶಾಲೆಗಳಿಗೆ ಬಂದು ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಗುರುತಿಸುತ್ತವೆ. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಬಳಿಕ ಹಾವೇರಿಯ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಅಗತ್ಯವಾದರೆ ಧಾರವಾಡದ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ. ಸ್ವಲೀನತೆಯನ್ನು ಹೋಗಲಾಡಿಸುವ ಗುಳಿಗೆ ಇಲ್ಲ. ನಿದ್ರೆಯ ತೊಂದರೆಗೆ, ಮೂರ್ಛೆರೋಗಕ್ಕೆ ಔಷಧ ಬೇಕಾಗಬಹುದು; ಅದು ಬೇರೆ ಮಾತು. ಆರು ತಿಂಗಳಲ್ಲಿ ಗುಣಪಡಿಸುತ್ತೇವೆಂದು ಹಣ ಕೇಳುವವರ ಬಾಗಿಲಿಗೆ ಹೋಗಿ ಹೊಲ ಅಡವಿಡಬೇಡಿರಿ.

ಹಾಗಾದರೆ ಮಾಡಬೇಕಾದುದೇನು? ಕಲಿಸಬೇಕು. ಉಳಿದ ಮಕ್ಕಳು ನೋಡಿ ತಾವಾಗಿ ಕಲಿಯುವುದನ್ನು ಈ ಮಗುವಿಗೆ ಬಿಡಿಬಿಡಿಯಾಗಿ ಕಲಿಸಬೇಕು. ಅದು ನಿಮ್ಮ ಪಡಸಾಲೆಯಲ್ಲಿಯೇ ಮೊದಲಾಗಲಿ. ನಮ್ಮ ನೆರೆಯ ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಲ್ಲಿ ತಾಯ್ತಂದೆಗಳಿಗೆ ತರಬೇತಿ ಕೊಟ್ಟವರು ದೊಡ್ಡ ತಜ್ಞರಲ್ಲ, ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಆದರೂ ಮಕ್ಕಳು ತಾವಾಗಿ ತಾಯ್ತಂದೆಗಳೊಡನೆ ಸಂಪರ್ಕಕ್ಕೆ ಬರುವುದು ಹೆಚ್ಚಿತು.

ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸುವಿರೆಂದಿಟ್ಟುಕೊಳ್ಳಿ. ಕಾಲು ತೂರಿಸುವುದು, ಮೊಣಕಾಲಿನವರೆಗೆ ಎಳೆಯುವುದು ಎಲ್ಲವನ್ನೂ ನೀವೇ ಮಾಡಿ, ಸೊಂಟಕ್ಕೆ ಏರಿಸುವ ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡಿರಿ. ಅದನ್ನು ಮಾಡಿದೊಡನೆ ಮೆಚ್ಚಿಕೊಳ್ಳಿರಿ. ಅದು ರೂಢಿಯಾದ ಮೇಲೆ ಅದಕ್ಕೆ ಹಿಂದಿನ ಹಂತ. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಮಗು ಪ್ರತಿ ಸಲವೂ ಕೆಲಸವನ್ನು ತಾನೇ ಮುಗಿಸಿದಂತಾಗುತ್ತದೆ. ಕೈ ತೊಳೆಯುವುದು, ರೊಟ್ಟಿ ಮುರಿದು ಪಲ್ಯ ಹಚ್ಚಿಕೊಳ್ಳುವುದು ಇದೇ ಕ್ರಮದಲ್ಲಿ ಸಾಗಲಿ.

ಮಾತಿನ ವಿಷಯದಲ್ಲಿ ತಾಯ್ತಂದೆಗಳು ಮಾಡುವ ತಪ್ಪು ಅತಿಯಾದ ಅಕ್ಕರೆಯಿಂದಲೇ ಆಗುವುದು. ಮಗು ಕೇಳುವ ಮೊದಲೇ ಎಲ್ಲವನ್ನೂ ಕೈಗೆ ಕೊಟ್ಟುಬಿಡುತ್ತಾರೆ. ಬೆಲ್ಲದ ಡಬ್ಬಿಯನ್ನು ಕಾಣುವಂತೆ, ಆದರೆ ಕೈಗೆಟುಕದಂತೆ ಇಡಿರಿ. ಮಗುವಿನ ಎದುರು ಕುಳಿತು "ಬೆಲ್ಲ" ಎಂದು ಒಮ್ಮೆ ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಿರಿ. ಒಂದು ನೋಟ, ಒಂದು ಸದ್ದು, ಚಾಚಿದ ಒಂದು ಕೈ ಬಂದರೂ ಕೂಡಲೇ ಕೊಡಿರಿ. ಮಾತೇ ಬಾರದಿದ್ದರೆ ತಾಟು, ಲೋಟ, ಹಾಸಿಗೆಗಳ ಚಿತ್ರಗಳನ್ನು ರಟ್ಟಿನ ಮೇಲೆ ಅಂಟಿಸಿಕೊಳ್ಳಿರಿ. ಬೇಕಾದುದರ ಚಿತ್ರವನ್ನು ಮಗು ನಿಮ್ಮ ಕೈಗಿಡಲಿ. ಚಿತ್ರ ಕೊಟ್ಟರೆ ಮಾತು ಬರುವುದಿಲ್ಲವೆಂಬ ಭಯ ಬೇಡ. ದಿನದ ಕೆಲಸಗಳ ಚಿತ್ರಗಳನ್ನು ಗೋಡೆಗೆ ಸಾಲಾಗಿ ಹಚ್ಚಿದರೆ ಮುಂದೇನೆಂಬುದು ತಿಳಿದು ಹಟವೂ ಕಡಿಮೆಯಾಗುತ್ತದೆ. ಇದು ಅಮೆರಿಕದ ಉತ್ತರ ಕೆರೊಲೈನಾದಲ್ಲಿ 1970ರ ದಶಕದಿಂದ ರೂಢಿಗೆ ಬಂದ ಪದ್ಧತಿಯಾದರೂ ನಮ್ಮ ಮಣ್ಣಿನ ಗೋಡೆಗೂ ಹೊಂದುತ್ತದೆ.

ಕೆಲವು ಮಕ್ಕಳಿಗೆ ಸದ್ದು ತಾಳದು. ಕಾರಹುಣ್ಣಿಮೆಯ ದಿನ ಹಲಗೆ ಬಡಿತ, ಜನರ ಕೇಕೆ ಏಳುತ್ತಲೇ ಮಗು ಕಿವಿ ಮುಚ್ಚಿಕೊಂಡು ಚೀರಿದರೆ ಅದು ಮೊಂಡತನವಲ್ಲ. ಹೊಡೆಯದೆ, ಬಯ್ಯದೆ, ದೂರದ ಕಟ್ಟೆಗೆ ಕರೆದೊಯ್ಯಿರಿ.

ಇನ್ನು ಶಾಲೆಯ ಮಾತು. "ಇಂತಹವನನ್ನು ಸೇರಿಸಿಕೊಳ್ಳುವುದಿಲ್ಲ" ಎಂದು ಯಾರಾದರೂ ಹೇಳಿದರೆ ಹಿಂದಿರುಗಬೇಡಿರಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಸ್ವಲೀನತೆಗೆ ಸ್ಥಾನವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ವಿಧಗಳಲ್ಲಿ ಸ್ವಲೀನತೆಯೂ ಒಂದು. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕುಂಟು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಹಾಗೂ ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನೂ ಅದೇ ಕಾಯಿದೆ ಹೇಳುತ್ತದೆ. ಪ್ರಮಾಣಪತ್ರ ಹಾಗೂ ಗುರುತಿನ ಚೀಟಿಗಾಗಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂತಹ ಮಕ್ಕಳಿಗಾಗಿ ತರಬೇತಿ ಪಡೆದ ಶಿಕ್ಷಕರಿರುತ್ತಾರೆ; ಶಾಲೆಗೆ ಹೋಗಲಾರದಷ್ಟು ತೊಂದರೆಯಿರುವ ಮಗುವಿಗೆ ಮನೆಯಲ್ಲಿಯೇ ಪಾಠದ ಏರ್ಪಾಡೂ ಉಂಟು. ಅವರಿಗೆ ಹಲವು ಶಾಲೆಗಳ ಹೊಣೆಯಿರುವುದರಿಂದ ದಿನವೂ ಬರಲಾರರು. ಆದುದರಿಂದ ತರಗತಿಯ ಗುರುಗಳೊಡನೆ ನೀವೇ ಮಾತನಾಡಿ, ಮಗುವಿಗೆ ಯಾವುದು ಇಷ್ಟ, ಯಾವುದಕ್ಕೆ ಬೆದರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿರಿ. ಗದ್ದಲವಿಲ್ಲದ ಒಂದೇ ನಿಶ್ಚಿತ ಜಾಗ, ಒಂದು ಸಲಕ್ಕೆ ಒಂದೇ ಸೂಚನೆ, ಜೊತೆಗೆ ಕೂರುವ ಒಬ್ಬ ತಾಳ್ಮೆಯ ಗೆಳೆಯ: ಇಷ್ಟಕ್ಕೆ ಸರ್ಕಾರದ ಆದೇಶವೇನೂ ಬೇಡ.

ಬೆಂಗಳೂರಿನಲ್ಲಿ ಸ್ವಲೀನತೆಯುಳ್ಳ ಮಕ್ಕಳಿಗಾಗಿಯೇ ನಡೆಯುವ ಶಾಲೆಗಳಿವೆ. ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಸುವುದನ್ನು ಕಲಿಯುತ್ತಾರೆ. ಎತ್ತು ಮಾರಿ, ಮನೆಗೆ ಬೀಗ ಹಾಕಿ ಪಟ್ಟಣ ಸೇರುವುದಕ್ಕಿಂತ, ಕೆಲವು ವಾರ ಅಲ್ಲಿದ್ದು ವಿದ್ಯೆಯನ್ನು ಊರಿಗೆ ತರುವುದು ಲೇಸೆಂದು ನಮ್ಮ ಅಭಿಪ್ರಾಯ. ಅಜ್ಜಿ, ಚಿಕ್ಕಪ್ಪ, ಓಣಿಯ ಮಕ್ಕಳು ಪಟ್ಟಣದ ಕೋಣೆಯಲ್ಲಿ ಸಿಗಲಾರರು.

ಒಂದು ಎಚ್ಚರಿಕೆ. ಈ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುವುದುಂಟು. ಹಲವರಿಗೆ ನೀರೆಂದರೆ ಸೆಳೆತ. ಬಾವಿ, ಕೃಷಿಹೊಂಡ, ರೈಲು ಹಳಿ ಹತ್ತಿರವಿದ್ದರೆ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿರಿ, ನೆರೆಯವರಿಗೆ ತಿಳಿಸಿಡಿರಿ.

ಮುಂದಿನ ಮಗುವಿನ ಯೋಚನೆಯಲ್ಲಿರುವ ದಂಪತಿಗಳು ಕೇಳುವ ಪ್ರಶ್ನೆಯೊಂದುಂಟು: ಅದಕ್ಕೂ ಹೀಗಾದೀತೇ? ಮೊದಲ ಮಗುವಿಗೆ ಸ್ವಲೀನತೆಯಿದ್ದಾಗ ಅನಂತರದ ಮಗುವಿಗೂ ಬರುವ ಸಂಭವ ಐದರಲ್ಲಿ ಒಂದರಷ್ಟೆಂದು ವಿದೇಶದ ದೊಡ್ಡ ಅಧ್ಯಯನಗಳು ಕಂಡಿವೆ. ಅಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಗರ್ಭದಲ್ಲಿರುವಾಗ ಇದನ್ನು ತಿಳಿಸುವ ನಿಶ್ಚಿತ ಪರೀಕ್ಷೆ ಇಲ್ಲ. ಆದುದರಿಂದ ಮೊದಲ ಮಗುವಿನ ಕಲಿಕೆಗೆ ತಾಯಿಗೆ ಬಿಡುವು ಸಿಗುವಂತೆ ಎರಡು ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿಡಿರಿ. ತಾಯಿ ಮೂರ್ಛೆರೋಗಕ್ಕೆ ಗುಳಿಗೆ ನುಂಗುತ್ತಿದ್ದರೆ ಗರ್ಭಧಾರಣೆಗೆ ಮುಂಚೆಯೇ ವೈದ್ಯರಿಗೆ ತೋರಿಸಲಿ. ವಾಲ್ಪ್ರೊಯೇಟ್ ಎಂಬ ಔಷಧ ಗರ್ಭದ ಶಿಶುವಿಗೆ ಅಪಾಯಕರ. ತಾನಾಗಿ ನಿಲ್ಲಿಸುವುದೂ ಸರಿಯಲ್ಲ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡು, ಕಿವಿ ಪರೀಕ್ಷೆಯ ಚೀಟಿ ಜೊತೆಗಿರಲಿ. ಮಗು ಮನೆಯಲ್ಲಿ ಆಡುವುದನ್ನು ಐದು ನಿಮಿಷ ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದರೆ ವೈದ್ಯರಿಗೆ ಅನುಕೂಲ. ಹೊಸ ಜಾಗದಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ತಂದೆಯೂ ಜೊತೆಗೆ ಹೋಗಬೇಕು.